ಐದು ತಿಂಗಳ ಕೆಲಸ, ಆರು ತಿಂಗಳ ಕಾನೂನು

ಓಣಂ, ರಂಜಾನ್, ದೀಪಾವಳಿ, ಜೂನ್ ತಿಂಗಳ ಶಾಲಾರಂಭ. ಈ ಕಾಲಗಳು ಹತ್ತಿರವಾದಂತೆ ಕಾಸರಗೋಡು, ಕಾಞಂಗಾಡು ಪೇಟೆಗಳಲ್ಲೂ ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯಗಳಂತಹ ಸಣ್ಣ ಪೇಟೆಗಳಲ್ಲೂ ಅಂಗಡಿಗಳ ಗಾಜಿನ ಬಾಗಿಲಿಗೆ ಒಂದು ಚೀಟಿ ಅಂಟಿಕೊಳ್ಳುತ್ತದೆ. ಕೆಲಸಕ್ಕೆ ಜನ ಬೇಕೆಂಬುದು ಅದರ ತಾತ್ಪರ್ಯ. ಬರಹ ಹೆಚ್ಚಾಗಿ ಮಲಯಾಳದಲ್ಲಿ. ನಮ್ಮ ಮನೆಗಳ ಹುಡುಗಿಯರು, ಹುಡುಗರು, ಮಕ್ಕಳು ಶಾಲೆಗೆ ಹೋದ ಮೇಲೆ ನಾಲ್ಕು ಗಂಟೆ ಬಿಡುವಿರುವ ತಾಯಂದಿರು ಆ ಚೀಟಿಯನ್ನು ನೋಡಿ ಒಳಗೆ ಹೋಗುತ್ತಾರೆ. ಜವಳಿ ಅಂಗಡಿ, ಫ್ಯಾನ್ಸಿ ಅಂಗಡಿ, ಚಪ್ಪಲಿ ಅಂಗಡಿ, ಸೂಪರ್ ಮಾರ್ಕೆಟು ಎಂದು ಒಂದಲ್ಲ ಒಂದು ಕಡೆ ಕೆಲಸ ಸಿಗುತ್ತದೆ. ಸಂಬಳ ಇಷ್ಟು ಎಂದು ಬಾಯಿಮಾತಿನಲ್ಲಿ ತೀರ್ಮಾನವಾಗುತ್ತದೆ. ಹಬ್ಬ ಕಳೆದ ಮೇಲೆ ಒಂದು ದಿನ, ನಾಳೆಯಿಂದ ಬರುವುದು ಬೇಡ ಎಂಬ ಮಾತೂ ಹಾಗೆಯೇ ಬಾಯಿಯಿಂದಲೇ ಬರುತ್ತದೆ.

ಹೀಗೆ ಮನೆಗೆ ಮರಳಿದವರೊಡನೆ ಮಾತನಾಡಿದಾಗ ನಮಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಒಪ್ಪಿಗೆಯೇ ಕಂಡುಬಂದಿದೆ. ಟೆಂಪರವರಿ ಕೆಲಸ ಅಲ್ಲವೇ, ಕೇಳುವುದಕ್ಕೆ ಏನಿದೆ ಎಂಬ ಒಪ್ಪಿಗೆ. ಮಾಲಕರ ಅಭಿಪ್ರಾಯವೂ ಅದೇ. ಕೆಲಸಕ್ಕಿದ್ದವರೂ ಕೆಲಸ ಕೊಟ್ಟವರೂ ಒಂದೇ ಮಾತನ್ನು ಹೇಳುವಾಗ ಮೂರನೆಯವರು ಬಾಯಿ ಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೂ ಈ ಎರಡೂ ಕಡೆಯವರು ತಪ್ಪು ತಿಳಿದಿದ್ದಾರೆಂದು ಹೇಳದೆ ನಮಗೆ ನಿರ್ವಾಹವಿಲ್ಲ. ತಾತ್ಕಾಲಿಕ ಎಂದು ಕರೆದ ಮಾತ್ರಕ್ಕೆ ಅಂಗಡಿ ಕೆಲಸದವರ ಹಕ್ಕು ಹೋಗುವುದಿಲ್ಲ. ಹಕ್ಕು ಹೋಗುವುದು ಕಾಗದ ಇಲ್ಲದಿರುವುದರಿಂದ.

ಕಾಗದದ ಬೆಲೆ ಏನೆಂಬುದು ನಮ್ಮ ಜಿಲ್ಲೆಯ ಹೆಂಗಸರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಇಂದು ಅಂಗಡಿಗಳಲ್ಲಿ ನಿಂತಿರುವ ಹುಡುಗಿಯರ ಅಮ್ಮಂದಿರು, ಅಜ್ಜಿಯಂದಿರು ಬೀಡಿ ಕಟ್ಟಿದವರು. ಆ ಕೆಲಸದಲ್ಲಿ ಸುಖವಿತ್ತೆಂದು ನಾವು ಹೇಳುವುದಿಲ್ಲ. ಮೊರವನ್ನು ಮಡಿಲಲ್ಲಿಟ್ಟು ಬೆನ್ನು ಬಗ್ಗಿಸಿ ಕುಳಿತದ್ದು, ಹೊಗೆಸೊಪ್ಪಿನ ಘಾಟು, ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ಇದು ಆಗದು ಎಂದು ಎಸೆದಾಗ ಆದ ಸಂಕಟ, ಯಾವುದನ್ನೂ ಅವರು ಮರೆತಿಲ್ಲ. ಆದರೆ ಅವರ ಕೈಯಲ್ಲಿ ಒಂದು ಪುಸ್ತಕವಿತ್ತು. ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಕೊಟ್ಟಿತು, ಎಷ್ಟು ಬೀಡಿ ಬಂತು ಎಂಬುದನ್ನು ಅದರಲ್ಲಿ ದಿನವಹಿ ಬರೆಯುತ್ತಿದ್ದರು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳನ್ನೂ ಕೆಲಸಗಾರಳೆಂದೇ ಲೆಕ್ಕಕ್ಕೆ ಹಿಡಿಯಿತು. 1976ರಲ್ಲಿ ಬೀಡಿ ಕೆಲಸಗಾರರ ಕ್ಷೇಮನಿಧಿ ಬಂತು. ಅದರಿಂದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಹಾಯಧನ ಸಿಕ್ಕಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪ್ರಾವಿಡೆಂಟ್ ಫಂಡು ಸಲ್ಲಬೇಕೆಂಬುದನ್ನು 1985ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಬೀಡಿ ಕಟ್ಟುವವಳಿಗೆ ಹೊತ್ತು ಗೊತ್ತಿರಲಿಲ್ಲ. ಅಡುಗೆಯ ನಡುವೆ ಒಂದು ಗಂಟೆ, ರಾತ್ರಿ ದೀಪದ ಬುಡದಲ್ಲಿ ಎರಡು ಗಂಟೆ ಎಂಬಂತೆ ಅವಳ ಕೆಲಸ. ಇಂದಿನ ಭಾಷೆಯಲ್ಲಿ ಅವಳೂ ಪಾರ್ಟ್‌ಟೈಮ್ ಕೆಲಸಗಾರಳೇ. ಆದರೂ ಆ ಪುಸ್ತಕದ ಬಲದಿಂದ ಅವಳಿಗೆ ಫಂಡು ಬಂತು, ಪಿಂಚಣಿ ಬಂತು. ಈಗ ಬೀಡಿಯ ಕಾಲ ಮುಗಿಯುತ್ತಾ ಬಂದಿದೆ. ಅದಕ್ಕಾಗಿ ನಾವು ಕಣ್ಣೀರು ಹಾಕಬೇಕಾಗಿಲ್ಲ. ಮಗಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತಣ್ಣನೆಯ ಗಾಳಿ ಬರುವ ಅಂಗಡಿಗೆ ಹೋಗುತ್ತಾಳೆ. ನೋಡುವವರಿಗೆ ಇದು ಅಮ್ಮನ ಕೆಲಸಕ್ಕಿಂತ ಮೇಲು. ಆದರೆ ಇಪ್ಪತ್ತು ವರ್ಷ ಬೀಡಿ ಕಟ್ಟಿದ ಅಮ್ಮ ತನ್ನ ದುಡಿಮೆಯನ್ನು ಲೆಕ್ಕ ಸಮೇತ ತೋರಿಸಬಲ್ಲಳು. ಮೂರು ಅಂಗಡಿಗಳಲ್ಲಿ ಆರು ವರ್ಷ ನಿಂತ ಮಗಳು ತಾನು ಒಂದು ದಿನ ಕೆಲಸ ಮಾಡಿದ್ದೇನೆಂಬುದನ್ನೂ ತೋರಿಸಲಾರಳು.

ಇನ್ನು ಕಾನೂನಿನ ಮಾತು. ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮದ್ರಾಸು ಸರಕಾರದ ಆಡಳಿತದಲ್ಲಿದ್ದಾಗಲೇ, ಅಂದರೆ 1947ರಲ್ಲಿ, ಮದ್ರಾಸಿನ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಬಂದಿತ್ತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. 1960ರಲ್ಲಿ ಕೇರಳ ತನ್ನದೇ ಆದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ರಾಜ್ಯ ಬದಲಾಯಿತು, ಕಚೇರಿಯ ಭಾಷೆ ಬದಲಾಯಿತು. ಒಂದು ನಿಯಮ ಮಾತ್ರ ಬದಲಾಗಲಿಲ್ಲ. ಎಡೆಬಿಡದೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ದುಡಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆಯುವುದಾದರೆ ಒಂದು ತಿಂಗಳ ಮುನ್ಸೂಚನೆ ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ಮದ್ರಾಸಿನ 41ನೇ ವಿಧಿ ಹೇಳಿದ್ದೂ ಇದನ್ನೇ, ಕೇರಳದ 18ನೇ ವಿಧಿ ಹೇಳುವುದೂ ಇದನ್ನೇ. ನೌಕರ ಕಳವು, ವಂಚನೆಯಂತಹ ದುರ್ನಡತೆ ತೋರಿದನೆಂಬುದು ವಿಚಾರಣೆಯಲ್ಲಿ ಸಿದ್ಧವಾದರೆ ಮುನ್ಸೂಚನೆಯ ಅಗತ್ಯವಿಲ್ಲ. ಅದು ನ್ಯಾಯವೇ. ಅನ್ಯಾಯವಾಗಿ ತೆಗೆದರೆ ನಿಗದಿಯಾದ ಅವಧಿಯೊಳಗೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದು.

ಈ ವಿಧಿ ಕೇಳುವುದು ಆರು ತಿಂಗಳು ಆಯಿತೇ ಎಂದು. ಖಾಯಂ ಆಗಿದ್ದೀಯಾ ಎಂದು ಅದು ಕೇಳುವುದೇ ಇಲ್ಲ. ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಮ್ಮ ಊರಿನಲ್ಲಿ ಊರ್ಜಿತದಲ್ಲಿರುವ ಈ ಮಾತು ನಮ್ಮ ಊರಿನವರಿಗೇ ಹೊಸದೆನಿಸುವುದಾದರೆ ತಪ್ಪು ಯಾರದೆಂದು ವಿಚಾರಿಸಬೇಕಾಗುತ್ತದೆ.

ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಕೆಲಸ ಮಾಡುವವರ ವಿಷಯ ತುಸು ತೊಡಕಿನದು. ಕಾಯಿದೆ ನೌಕರನನ್ನು ವಿವರಿಸುವಾಗ ಒಂದು ಸಂಸ್ಥೆಯಲ್ಲಿ ಪೂರ್ತಿಯಾಗಿ ಅಥವಾ ಮುಖ್ಯವಾಗಿ ಕೆಲಸಕ್ಕಿರುವವನು ಎನ್ನುತ್ತದೆ. ಮುಖ್ಯವಾಗಿ ಎಂಬ ಈ ಒಂದು ಪದವನ್ನು ಹಿಡಿದು, ಅರ್ಧ ದಿನದವರು ನೌಕರರೇ ಅಲ್ಲ ಎಂದು ವಾದಿಸುವವರಿದ್ದಾರೆ. ಇದಕ್ಕೆ ಉತ್ತರ 1973ರಲ್ಲೇ ಬಂದಿದೆ. ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಎಂಬ ದರ್ಜಿ ಅಂಗಡಿಯ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದಿತ್ತು. ಅಲ್ಲಿನ ದರ್ಜಿಗಳಿಗೆ ಸಂಬಳವಿರಲಿಲ್ಲ, ಹೊಲಿದಷ್ಟಕ್ಕೆ ಕೂಲಿ. ಇಡೀ ದಿನ ಅಂಗಡಿಯಲ್ಲಿ ಇರಬೇಕೆಂಬ ಕಟ್ಟುಪಾಡಿರಲಿಲ್ಲ. ಬೇರೆ ಅಂಗಡಿಯ ಕೆಲಸವನ್ನೂ ಹಿಡಿಯಬಹುದಿತ್ತು. ಅನ್ವಯವಾಗುತ್ತಿದ್ದುದು ಹೈದರಾಬಾದು ಕಡೆಯ ಅಂಗಡಿ ಕಾಯಿದೆ. ಅದರಲ್ಲೂ ಪೂರ್ತಿಯಾಗಿ ಅಥವಾ ಮುಖ್ಯವಾಗಿ ಎಂಬುದೇ ಮಾತು. ತೀರ್ಪು ಬರೆದವರು ಕೇರಳದವರೇ ಆದ ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ. ಮಾಲಕನ ಅಂಗಡಿಗೆ ಬಂದು, ಮಾಲಕನ ಯಂತ್ರದಲ್ಲಿ ಹೊಲಿಯುವವನು, ಹೊಲಿಗೆ ಸರಿಯಿಲ್ಲದಿದ್ದರೆ ಬಿಚ್ಚಿ ಮತ್ತೆ ಹೊಲಿ ಎಂದು ಹೇಳಿಸಿಕೊಳ್ಳುವವನು ನೌಕರನೇ. ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ದುಡಿಯುತ್ತಾನೆಂಬುದರಿಂದ ಆ ಸಂಬಂಧ ಇಲ್ಲವಾಗುವುದಿಲ್ಲ ಎಂಬುದು ಅದರ ಸಾರ. ಕೌಂಟರಿನ ಹಿಂದೆ ಮಧ್ಯಾಹ್ನದ ಮೇಲೆ ಮಾತ್ರ ನಿಲ್ಲುವ ಹೆಂಗಸಿಗೆ ಈ ತರ್ಕ ಅನ್ವಯಿಸದೆಂದು ಹೇಳಲು ನಮಗೆ ಕಾರಣ ತೋಚುವುದಿಲ್ಲ.

ಕಾನೂನು ಆರು ತಿಂಗಳು ಎಂದಿತು. ಅಂಗಡಿಯವರು ಐದು ತಿಂಗಳು ಎಂದರು. ಇಡೀ ಕಥೆ ಇಷ್ಟೇ. ಐದನೆಯ ತಿಂಗಳ ಕೊನೆಗೆ, ಹದಿನೈದು ದಿನ ಮನೆಯಲ್ಲಿರು, ಆಮೇಲೆ ಫೋನ್ ಮಾಡುತ್ತೇವೆ ಎಂದು ಕಳುಹಿಸುವುದು. ಕರೆದಾಗ ಹೊಸದಾಗಿ ಸೇರಿದಂತೆ ಒಂದನೇ ತಾರೀಕು ಬರೆದುಕೊಳ್ಳುವುದು. ದೊಡ್ಡ ಅಂಗಡಿಗಳು ಇನ್ನೂ ಜಾಣರು: ಒಂದೇ ಹುಡುಗಿ, ಅದೇ ಕೌಂಟರು, ಆದರೆ ಆರು ತಿಂಗಳಿಗೊಮ್ಮೆ ಅವಳ ಹೆಸರು ಇನ್ನೊಬ್ಬ ಕಂಟ್ರಾಕ್ಟರನ ಪಟ್ಟಿಗೆ ದಾಟುತ್ತದೆ. ಇಂತಹ ಉಪಾಯವನ್ನು ಕಾನೂನು ನೋಡಿಯೇ ಇಲ್ಲವೆಂದು ಭಾವಿಸಬಾರದು. 1982ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ತಿದ್ದುಪಡಿಯಾದಾಗ, ಖಾಯಂ ನೌಕರರಿಗೆ ಸಲ್ಲುವುದನ್ನು ತಪ್ಪಿಸುವ ಉದ್ದೇಶದಿಂದ ಜನರನ್ನು ವರ್ಷಗಟ್ಟಲೆ ಬದಲಿ, ತಾತ್ಕಾಲಿಕ ಎಂದೇ ಇಟ್ಟುಕೊಳ್ಳುವುದು ಅನ್ಯಾಯದ ನಡವಳಿಕೆಗಳ ಪಟ್ಟಿಗೆ ಸೇರಿತು. ಆ ಕಾಯಿದೆಯ ಸ್ಥಾನಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ.

ಉಳಿದಿದೆ ಎಂದರೆ ಪುಸ್ತಕದಲ್ಲಿ ಉಳಿದಿದೆ. ಅದರ ಪ್ರಯೋಜನ ಪಡೆಯಲು, ಐದು ತಿಂಗಳು ಮತ್ತು ಮತ್ತೆ ಐದು ತಿಂಗಳು ದುಡಿದದ್ದು ಒಂದೇ ಅಂಗಡಿಯಲ್ಲಿ ಎಂದು ತೋರಿಸಬೇಕು. ಹಾಜರಿ ಪುಸ್ತಕ ಮಾಲಕನ ಮೇಜಿನಲ್ಲಿದೆ. ಸಂಬಳ ಕೈಗೆ ಕೊಟ್ಟದ್ದು. ಒಟ್ಟಿಗೆ ನಿಂತ ಗೆಳತಿಯರು ಸಾಕ್ಷಿ ಹೇಳುವುದಕ್ಕೆ ಬಂದರೆ ನಾಳೆ ಅವರ ಕೆಲಸವೂ ಇಲ್ಲ.

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. ಕಾರ್ಮಿಕ ಸಂಘಗಳು ಅವನ್ನು ವಿರೋಧಿಸಿದುವು, ಕೇರಳ ಸರಕಾರವೂ ಅಂದು ವಿರೋಧ ಸೂಚಿಸಿತು. ಆ ದೊಡ್ಡ ವಿವಾದವನ್ನು ಇಲ್ಲಿ ಬಿಚ್ಚುವುದು ಬೇಡ. ವಿರೋಧಕ್ಕೆ ಕಾರಣಗಳಿವೆ ಎಂದಷ್ಟೇ ಹೇಳುತ್ತೇವೆ. ಆದರೆ ಅವುಗಳಲ್ಲಿರುವ ಎರಡು ಸಂಗತಿಗಳು ನಮ್ಮ ಅಂಗಡಿ ಹುಡುಗಿಯರಿಗೆ ಉಪಯೋಗವಾಗುವಂಥವು. ಹತ್ತು ಮತ್ತು ಹೆಚ್ಚು ಮಂದಿ ಇರುವ ಸಂಸ್ಥೆ ನೌಕರನಿಗೆ ನೇಮಕ ಪತ್ರ ಕೊಡಲೇಬೇಕು. ಇಷ್ಟು ಕಾಲಕ್ಕೆಂದು ಗೊತ್ತುಮಾಡಿ ಸೇರಿಸಿಕೊಂಡವರಿಗೂ ಖಾಯಂ ನೌಕರರ ಸೌಲಭ್ಯಗಳು ದುಡಿದ ಕಾಲಕ್ಕೆ ತಕ್ಕಂತೆ ಸಿಗಬೇಕು. ಗ್ರಾಚ್ಯುಯಿಟಿಗೆ ಅಂಥವರು ಐದು ವರ್ಷ ಕಾಯಬೇಕಾಗಿಲ್ಲ, ಒಂದು ವರ್ಷ ಸಾಕು.

ಆರು ತಿಂಗಳು, ಒಂದು ವರ್ಷ ಎಂದೆಲ್ಲ ಕಾಯದೆ ಮೊದಲ ದಿನದಿಂದಲೇ ಬರುವ ಹಕ್ಕುಗಳೂ ಇವೆ ಎಂಬುದನ್ನು ಮರೆಯುವಂತಿಲ್ಲ. ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಒಂದು. ದಿನಗೂಲಿಯವನು ಕೆಲಸಕ್ಕೆ ಬಂದಿದ್ದಾನೆ, ವ್ಯಾಪಾರವಿಲ್ಲವೆಂದು ಮಧ್ಯಾಹ್ನ ಮಾಲಕರೇ ಮನೆಗೆ ಕಳುಹಿಸಿದರು ಎಂದಾದರೆ ಆ ದಿನದ ಪೂರ್ತಿ ಕೂಲಿ ಅವನಿಗೆ ಬರಬೇಕು. ಮಳೆಗಾಲದಲ್ಲಿ ಅರ್ಧ ದಿನದ ಲೆಕ್ಕ ಹಾಕುವವರು ಇದನ್ನು ಗಮನಿಸುವುದು ಒಳ್ಳೆಯದು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ. ಅದಕ್ಕೆ ಮೀರಿದ್ದಕ್ಕೆ ಇಮ್ಮಡಿ ದರ. ರಂಜಾನ್ ಕೊನೆಯ ವಾರದಲ್ಲಿ ರಾತ್ರಿ ಹನ್ನೊಂದರವರೆಗೆ ಬಟ್ಟೆ ಮಡಚಿದವರಲ್ಲಿ ಇಮ್ಮಡಿ ದರ ಕಂಡವರು ಎಷ್ಟು ಮಂದಿ? ಒಂದು ಪೊಟ್ಟಣ ಬಿರಿಯಾಣಿ ಕಂಡವರು ಹೆಚ್ಚಿದ್ದಾರು. ಹತ್ತು ಮಂದಿಗೆ ಮೇಲ್ಪಟ್ಟ ಅಂಗಡಿಯಾದರೆ ಇ.ಎಸ್.ಐ. ಸೇರುತ್ತದೆ. 2017ರಲ್ಲಿ ಗೊತ್ತುಮಾಡಿದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ತಾತ್ಕಾಲಿಕ ನೌಕರನನ್ನು ಇದರಿಂದ ಹೊರಗಿಡಲು ಕಾನೂನಿನಲ್ಲಿ ಆಸ್ಪದವಿಲ್ಲ. ಹೆರಿಗೆ ಸೌಲಭ್ಯವೂ ಹಾಗೆಯೇ: ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ದೆಹಲಿ ನಗರಸಭೆಯ ಮಸ್ಟರ್ ರೋಲಿನಲ್ಲಿದ್ದ ದಿನಗೂಲಿ ಹೆಂಗಸರಿಗೂ ಅದು ಸಲ್ಲುತ್ತದೆಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ವಾರದ ರಜೆಯ ವಿಷಯದಲ್ಲಿ 2018ರ ತಿದ್ದುಪಡಿ ಮಾಡಿದ ಬದಲಾವಣೆಯೊಂದನ್ನು ಎತ್ತಿ ಹೇಳಬೇಕು. ಅದಕ್ಕೆ ಮುಂಚೆ ವಾರಕ್ಕೊಂದು ದಿನ ಅಂಗಡಿಯನ್ನೇ ಮುಚ್ಚಬೇಕಿತ್ತು. ಈಗ ಅಂಗಡಿ ಏಳು ದಿನವೂ ತೆರೆದಿರಬಹುದು. ಆದರೆ ಪ್ರತಿಯೊಬ್ಬ ನೌಕರನಿಗೂ ವಾರಕ್ಕೊಂದು ದಿನ ರಜೆ ಕೊಡಬೇಕು. ಕೇಳಲು ಎರಡೂ ಒಂದೇ. ಹಿಂದೆ ಮುಚ್ಚಿದ ಶಟರೇ ಸಾಕ್ಷಿಯಾಗಿತ್ತು. ರಸ್ತೆಯಲ್ಲಿ ಹೋಗುವ ಯಾರಿಗೂ ಕಾಣುತ್ತಿತ್ತು. ಈಗ ರಜೆ ಸಿಕ್ಕಿತೋ ಇಲ್ಲವೋ ಎಂಬುದು ರಿಜಿಸ್ಟರಿನಲ್ಲಿ ಮಾತ್ರ. ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವರಿಗೆ ರಜೆ ಎಲ್ಲಿಂದ ಬರಬೇಕು?

ಇದೇ 2018ರ ತಿದ್ದುಪಡಿಯಲ್ಲಿ ಬಂದದ್ದು ಕುಳಿತುಕೊಳ್ಳುವ ಹಕ್ಕು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕೇ ಎಂದು ನಕ್ಕವರಿದ್ದರು. ಹತ್ತು ಗಂಟೆ ನಿಂತವರು ನಗಲಿಲ್ಲ. ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗಬಾರದು, ಒರಗಿದರೆ ಕ್ಯಾಮರಾದಲ್ಲಿ ಕಾಣುತ್ತದೆ, ಕಂಡರೆ ಸಂಬಳದಲ್ಲಿ ಕಡಿತ ಎಂಬ ಪದ್ಧತಿ ಕೇರಳದ ದೊಡ್ಡ ಜವಳಿ ಅಂಗಡಿಗಳಲ್ಲಿತ್ತು. ಮೂತ್ರಕ್ಕೆ ಹೋಗಲು ಜಾಗವಿಲ್ಲದೆ ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು ಮೊದಲು ಹೋರಾಡಿದ್ದು ಕಕ್ಕಸಿಗಾಗಿ. ಅವರನ್ನು ಒಟ್ಟುಗೂಡಿಸಿದವರು ಪಿ. ವಿಜಿ ಎಂಬ ದರ್ಜಿ ಕೆಲಸದ ಹೆಂಗಸು; 2009ರಲ್ಲಿ ಹುಟ್ಟಿದ ಅವರ ಕೂಟದ ಹೆಸರು ಪೆಣ್‌ಕೂಟ್ಟ್. ದೊಡ್ಡ ಯೂನಿಯನ್ನುಗಳು ಅಂಗಡಿ ಹುಡುಗಿಯರನ್ನು ಕಾರ್ಮಿಕರೆಂದು ಎಣಿಸದಿದ್ದ ಕಾಲದಲ್ಲಿ ಈ ಕೂಟ ಅವರ ಮಾತನ್ನು ಎತ್ತಿತು. 2014ರ ಕೊನೆಗೆ ತ್ರಿಶ್ಶೂರಿನ ಒಂದು ದೊಡ್ಡ ಜವಳಿ ಅಂಗಡಿಯ ಆರು ಮಂದಿ ಹೆಂಗಸರು ಯೂನಿಯನ್ ಸೇರಿದ ಕಾರಣಕ್ಕೆ ದೂರದೂರಿಗೆ ವರ್ಗವಾದಾಗ, ಅಂಗಡಿಯ ಮುಂದೆಯೇ ಕುಳಿತುಬಿಟ್ಟರು. ನಿಲ್ಲಿಸಿ ದುಡಿಸಿದವರ ಎದುರು ಕುಳಿತೇ ಮಾಡಿದ ಆ ಮುಷ್ಕರ ನೂರು ದಿನ ದಾಟಿತು. 2018ರ ಕಾನೂನಿನ ಹಿಂದೆ ಇಷ್ಟು ಕಥೆಯಿದೆ. ತಮಿಳುನಾಡು 2021ರಲ್ಲಿ ಇದನ್ನೇ ಅನುಸರಿಸಿತು.

ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಸ್ಟೂಲುಗಳಿಲ್ಲವೆಂದಲ್ಲ. ಇವೆ. ಕೆಲವೆಡೆ ಅವುಗಳ ಮೇಲೆ ಸೀರೆಯ ಪೆಟ್ಟಿಗೆಗಳು ಕುಳಿತಿರುತ್ತವೆ.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹಲವರಿಗೆ ಕೆಲಸ ಮಂಗಳೂರಿನ ಅಂಗಡಿಗಳಲ್ಲಿ. ಬೆಳಗಿನ ರೈಲು, ತಲಪಾಡಿಯ ಬಸ್ಸು. ರಾತ್ರಿ ಅದೇ ದಾರಿಯಲ್ಲಿ ಹಿಂದಕ್ಕೆ. ಇವರಿಗೆ ಕೇರಳದ ಅಂಗಡಿ ಕಾಯಿದೆ ಅನ್ವಯವಾಗುವುದಿಲ್ಲ. ಮನೆ ಎಲ್ಲಿ ಎಂಬುದು ಲೆಕ್ಕಕ್ಕಿಲ್ಲ, ಅಂಗಡಿ ಎಲ್ಲಿ ಎಂಬುದು ಲೆಕ್ಕ. ಅಲ್ಲಿ ನಡೆಯುವುದು ಕರ್ನಾಟಕದ 1961ರ ಕಾಯಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ ಎಂದು ಆ ಕಾಯಿದೆ ಮಿತಿ ಹಾಕಿತ್ತು. ಆರು ತಿಂಗಳ ನಿಯಮ ಅದರ 39ನೇ ವಿಧಿಯಲ್ಲೂ ಉಂಟು. ಅದಲ್ಲದೆ ಮಾಲಕ ನೌಕರನಿಗೆ ಮೂವತ್ತು ದಿನದೊಳಗೆ ನೇಮಕ ಆದೇಶ ಕೊಡಬೇಕೆಂದು 6-ಎ ವಿಧಿ ಹೇಳುತ್ತದೆ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿ, ರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನಮ್ಮವರು ಮರೆತಿಲ್ಲ. ಆಮೇಲೆ ಪಾಸಿಗಾಗಿ ಅಲೆದ ದಿನಗಳಲ್ಲಿ, ಕೆಲಸದ ಕಾಗದ ಇದ್ದವರ ಮಾತಿಗೆ ಬಂದ ಬೆಲೆ ಇಲ್ಲದವರ ಮಾತಿಗೆ ಬರಲಿಲ್ಲ. ಹತ್ತು ವರ್ಷ ಹೋಗಿಬಂದ ದಾರಿಯಲ್ಲಿ ತಾನು ಏಕೆ ಹೋಗಬೇಕೆಂಬುದನ್ನು ವಿವರಿಸಲು ಅವರ ಬಳಿ ಏನೂ ಇರಲಿಲ್ಲ.

ಒಂದು ವಿಚಿತ್ರ ನೋಡಿ. ಮಂಗಳೂರಿನ ಅಂಗಡಿಯಲ್ಲಿ ಅನ್ಯಾಯವಾದರೆ ಉಪ್ಪಳದ ಹುಡುಗಿ ಅಲ್ಲಿನ ಕಾರ್ಮಿಕ ಕಚೇರಿಗೆ ಹೋಗಿ ಕನ್ನಡದಲ್ಲಿ ದೂರು ಬರೆದುಕೊಡಬಲ್ಲಳು. ಉಪ್ಪಳದ ಅಂಗಡಿಯಲ್ಲೇ ಅನ್ಯಾಯವಾದರೆ ಅರ್ಜಿ ಬರೆಯಲು ಮಲಯಾಳ ಬಲ್ಲವರನ್ನು ಹುಡುಕಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಮಲಯಾಳ ಆಡಬಲ್ಲರು, ಗಿರಾಕಿಗಳೊಡನೆ ಸಲೀಸಾಗಿ ವ್ಯವಹರಿಸಬಲ್ಲರು. ಆದರೆ ಕಾನೂನಿನ ಕಾಗದ ಓದಿ ಸಹಿ ಹಾಕುವುದು ಬೇರೆ ಮಾತು. ಏನು ಬರೆದಿದೆ ಎಂದು ತಿಳಿಯದೆ ಖಾಲಿ ಕಾಗದಕ್ಕೂ ತುಂಬಿದ ಕಾಗದಕ್ಕೂ ಒಂದೇ ರೀತಿ ಸಹಿ ಹಾಕಿದವರನ್ನು ನಾವು ಬಲ್ಲೆವು. ಯಾವುದೇ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ಅನುಚ್ಛೇದ ಹೇಳುತ್ತದೆ. ಕೇರಳದ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕೆಂದು 1969ರ ರಾಜ್ಯ ಭಾಷಾ ಕಾಯಿದೆಯಲ್ಲಿ ಬರೆದದ್ದೂ ನಮ್ಮ ಹಿರಿಯರ ಹೋರಾಟದ ಫಲವೇ.

ಈ ಹಕ್ಕನ್ನು ನಾವು ಎಲ್ಲಿ ಬಳಸಿದ್ದೇವೆ? ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಬಳಸಿದ್ದೇವೆ. ಪಾಠಪುಸ್ತಕ, ಊರ ಹೆಸರಿನ ಫಲಕ, ಪಿ.ಎಸ್.ಸಿ. ಪ್ರಶ್ನೆಪತ್ರಿಕೆಗಳಿಗಾಗಿ ಬಳಸಿದ್ದೇವೆ. ಎಲ್ಲವೂ ಬೇಕಾದುವೇ. ಆದರೆ ಸರಕಾರಿ ಹುದ್ದೆ ಸಿಗುವುದು ಕೆಲವೇ ಮಂದಿಗೆ. ಉಳಿದವರು ಎಲ್ಲಿಗೆ ಹೋಗುತ್ತಾರೆಂದು ನಮ್ಮ ಸಂಘಟನೆಗಳ ಸಭೆಗಳಲ್ಲಿ ಯಾರೂ ಕೇಳಿದ್ದನ್ನು ನಾವು ಕೇಳಿಲ್ಲ. ಅವರು ಅಂಗಡಿಗಳಿಗೆ ಹೋಗುತ್ತಾರೆ. ಭಾಷೆಯ ಪ್ರಶ್ನೆ ಶಾಲೆಯ ಗೇಟಿನಲ್ಲಿ ಮುಗಿದುಹೋಗುವುದಾದರೆ ಅಂಥ ಕನ್ನಡದಿಂದ ಆ ಮಕ್ಕಳಿಗೆ ಬಂದ ಲಾಭವೇನು?

ಅಂಗಡಿಯವರೆಲ್ಲ ಹೊರಗಿನವರು ಎಂದು ಹೇಳಿ ಪಾರಾಗುವಂತೆಯೂ ಇಲ್ಲ. ಅವರಲ್ಲಿ ಕನ್ನಡದವರಿದ್ದಾರೆ, ತುಳುವರಿದ್ದಾರೆ, ಕೊಂಕಣಿಗರಿದ್ದಾರೆ. ಉತ್ಸವಕ್ಕೆ ವಂತಿಗೆ ಕೊಡುವವರೂ ಅವರೇ. ಹಬ್ಬದ ಕಾಲದಲ್ಲಿ ಈ ಪತ್ರಿಕೆಗೆ ಬರುವ ಜಾಹೀರಾತುಗಳೂ ಅವರವೇ. ಇದನ್ನು ಬರೆಯುವಾಗ ಅದು ನಮ್ಮ ಗಮನದಲ್ಲಿದೆ. ಸಣ್ಣ ಜಿನಸಿ ಅಂಗಡಿಯವನ ಕಷ್ಟ ನಮಗೆ ತಿಳಿಯದ್ದಲ್ಲ. ಒಂದು ಕಡೆ ದೊಡ್ಡ ಮಾಲುಗಳು, ಇನ್ನೊಂದು ಕಡೆ ಫೋನಿನಲ್ಲೇ ತರಿಸಿಕೊಳ್ಳುವ ಸಾಮಾನು. ನಡುವೆ ಒಬ್ಬ ಸಹಾಯಕನನ್ನಿಟ್ಟುಕೊಂಡು ಬಾಡಿಗೆ ಕಟ್ಟುವುದೇ ಅವನಿಗೆ ಭಾರ. ಅವನಿಗೂ ಮೂರು ಅಂತಸ್ತಿನ ಜವಳಿ ಅಂಗಡಿಗೂ ಒಂದೇ ಕೋಲು ಹಿಡಿಯಬೇಕೆಂದು ನಾವು ಹೇಳುವುದಿಲ್ಲ. ಆದರೆ ಇಂಥವಳು ಇಂಥ ದಿನದಿಂದ ನಮ್ಮಲ್ಲಿ ಇಷ್ಟು ಹೊತ್ತಿನ ಕೆಲಸಕ್ಕೆ, ಇಷ್ಟು ಸಂಬಳಕ್ಕೆ ಇದ್ದಾಳೆ ಎಂದು ನಾಲ್ಕು ಸಾಲು ಬರೆದುಕೊಡಲು ಎಷ್ಟು ಖರ್ಚು? ಗಿರಾಕಿಗೆ ಹತ್ತು ರೂಪಾಯಿಯ ಸಾಮಾನಿಗೂ ಬಿಲ್ಲು ಕೊಡುವ ಅಂಗಡಿ ಅದು. ಸಣ್ಣ ಅಂಗಡಿಯವರಿಗೆ ಇನ್ನೊಂದು ಮಾತು: ಕೇರಳದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾರ್ಮಿಕರ ಕ್ಷೇಮನಿಧಿ 2006ರ ಕಾಯಿದೆಯಿಂದ ಬಂದದ್ದು. ಇ.ಎಸ್.ಐ., ಪ್ರಾವಿಡೆಂಟ್ ಫಂಡುಗಳ ಅಳತೆಗೆ ಬಾರದ ಪುಟ್ಟ ಅಂಗಡಿಯ ನೌಕರನೂ ಅದಕ್ಕೆ ಸೇರಬಹುದು, ಪಿಂಚಣಿಗೆ ಅರ್ಹನಾಗಬಹುದು. ಮಾಲಕನೂ ನೌಕರನೂ ವಂತಿಗೆ ಕಟ್ಟಿದರಾಯಿತು. ಆ ವಂತಿಗೆಯ ರಸೀದಿಯೂ ಒಂದು ಕಾಗದವೇ.

ಮಾಲಕ ಬರೆದುಕೊಡದಿದ್ದರೆ ಕೆಲಸದವರೇ ಬರೆದಿಟ್ಟುಕೊಳ್ಳಬೇಕು. ಒಂದು ನೋಟುಪುಸ್ತಕ ಸಾಕು. ಯಾವ ದಿನ ಸೇರಿದ್ದು, ದಿನವೂ ಬಂದ ಹೊತ್ತು, ಹೊರಟ ಹೊತ್ತು, ಕೈಗೆ ಸಿಕ್ಕಿದ ಹಣ, ಕಡಿದ ಹಣ, ಕಡಿದುದರ ಕಾರಣ. ಸಂಬಳವನ್ನು ಬ್ಯಾಂಕಿಗೆ ಹಾಕಿರೆಂದು ಕೇಳಿಕೊಳ್ಳಬೇಕು. ನಾಳೆ ಬೇಗ ಬಾ, ನಾಡಿದ್ದು ರಜೆ ಇಲ್ಲ ಎಂದು ಫೋನಿಗೆ ಬಂದ ಸಂದೇಶಗಳನ್ನು ಅಳಿಸಬಾರದು. ಅಂಗಡಿಯ ಗುರುತುಚೀಟಿ ಇದ್ದರೆ ಅದರ ಒಂದು ಫೋಟೋ ಇರಲಿ. ಕೆಲಸ ಬಿಡಿಸಿದಾಗ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಗೆ ಬರಬೇಕೆಂಬುದು ವೇತನ ಸಂಹಿತೆಯ ಮಾತು. ಮುಂದಿನ ತಿಂಗಳು ಬಾ ಎಂದರೆ ಒಪ್ಪಬೇಕಾಗಿಲ್ಲ. ದೂರಿದ್ದರೆ ಸಹಾಯಕ ಲೇಬರ್ ಆಫೀಸರರ ಕಚೇರಿಗೆ ಕನ್ನಡದಲ್ಲೇ ಬರೆದು, ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಕನ್ನಡದ ಅರ್ಜಿ ಬೇಡವೆಂದು ಹಿಂದೆ ಕೊಟ್ಟರೆ, ಹಾಗೆಂದು ಬರೆದುಕೊಡಿ ಎನ್ನಬೇಕು.

ಕಾರ್ಮಿಕ ಇಲಾಖೆಯವರಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕೆಲಸದ ಗಂಟೆ, ವಾರದ ರಜೆ, ಕನಿಷ್ಠ ವೇತನ, ಆರು ತಿಂಗಳ ನಿಯಮ ಇವಿಷ್ಟನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಅಂಗಡಿಗಳಲ್ಲಿ ಗಿರಾಕಿಗಳಿಗೂ ಕಾಣುವ ಕಡೆ ತೂಗುಹಾಕಿಸಬೇಕು. ನೇಮಕ ಪತ್ರದ ಕನ್ನಡ ನಮೂನೆಯೊಂದು ಕಚೇರಿಯಲ್ಲಿ ಸಿಗುವಂತಾಗಬೇಕು. ಹಬ್ಬ ಕಳೆದ ಮೇಲೆ ತನಿಖೆಗೆ ಬಂದರೆ ಅಂಗಡಿಯಲ್ಲಿ ಖಾಯಂ ನೌಕರರು ಮಾತ್ರ ಸಿಗುತ್ತಾರೆ. ಓಣಂಗೆ ಒಂದು ತಿಂಗಳಿರುವಾಗ, ಬಾಗಿಲಿಗೆ ಚೀಟಿ ಅಂಟಿಸಿದ ವಾರದಲ್ಲೇ ಬರಬೇಕು.